ಕೆಂಪು ಚೀಲಕ್ಕೆ ಒರಗಿದವರು

ಎಫಿ ಮ್ಯಾಕ್‌ಫೀ ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ ಕೇರ್ನ್‌ಗಾರ್ಮ್ ಬೆಟ್ಟಕ್ಕೆ ಹೋಗುವವರು ಟಿಕೆಟ್ಟಿಗಿಂತ ಮೊದಲು ಕೈಗವಸು ತೋರಿಸಬೇಕಿತ್ತು. ಚಳಿಗಾಲದಲ್ಲಿ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದವರನ್ನು ಅವಳು ಕೊನೆಯ ನಿಲ್ದಾಣದಲ್ಲಿ ಇಳಿಯಗೊಡುತ್ತಲೇ ಇರಲಿಲ್ಲ. ದಾರಿಯುದ್ದಕ್ಕೂ ಬೈದು, ಅದೇ ಬಸ್ಸಿನಲ್ಲಿ ಊರಿಗೆ ವಾಪಸು ತಂದು ಬಿಡುತ್ತಿದ್ದಳು. ಅವಳ ಮೇಲೆ ದೂರುಗಳು ಹೋಗುತ್ತಿದ್ದವು. ಬೆಟ್ಟದಲ್ಲಿ ಸಿಕ್ಕಿಕೊಂಡವರನ್ನು ಹುಡುಕಿ ತರುವ ರಕ್ಷಣಾ ತಂಡದವರು ಮಾತ್ರ ಪ್ರತಿ ಕ್ರಿಸ್‌ಮಸ್ಸಿಗೂ ಅವಳಿಗೆ ಕೇಕು ಕಳಿಸುತ್ತಿದ್ದರು.

ನಿವೃತ್ತಿಯಾದ ಮೇಲೆ ಬೈಸಿಕೊಳ್ಳಲು ಉಳಿದವನು ಗಂಡ ಟಾರ್ಕ್ವಿಲ್ ಒಬ್ಬನೇ.

ಫೆಬ್ರವರಿಯ ಒಂದು ಬೆಳಿಗ್ಗೆ ಇಬ್ಬರೂ ಬೆಟ್ಟ ಹತ್ತುತ್ತಿದ್ದಾಗ ಮೋಡ ಕೆಳಗಿಳಿಯತೊಡಗಿತು. ಎಫಿ ನಿಂತುಬಿಟ್ಟಳು.

“ಸಾಕು, ತಿರುಗು.”

“ಅಯ್ಯೋ, ತುದಿ ಇಲ್ಲೇ ಇದೆಯಲ್ಲೇ! ಮೂಗಿನ ಮುಂದೆ!”

“ನಿನ್ನ ಮೂಗೇ ಕಾಣ್ತಿಲ್ಲ ನಂಗೆ. ತಿರುಗು ಅಂದೆ.”

ತಿರುಗಿದರು. ಅಷ್ಟರಲ್ಲಿ ಗಾಳಿ ಹಿಮವನ್ನೆರಚಿ ನೆಲ, ಆಕಾಶ ಎರಡನ್ನೂ ಒಂದೇ ಬಿಳುಪು ಮಾಡಿಬಿಟ್ಟಿತು. ಕಡಿದಾದ ಅಂಚು ಹತ್ತಿರದಲ್ಲೇ ಎಲ್ಲೋ ಇದೆಯೆಂದು ಎಫಿಗೆ ಗೊತ್ತಿತ್ತು. ಕುರುಡಾಗಿ ನಡೆಯುವುದು ಬೇಡವೆಂದು, ಬಂಡೆಯೊಂದರ ಮರೆಯಲ್ಲಿ ಕುಳಿತು ಗಾಳಿ-ಹಿಮಕ್ಕೆ ಮರೆಯಾಗಲೆಂದು ಬೆಟ್ಟಕ್ಕೆ ಒಯ್ಯುವ, ಗುಡಾರದಂಥ ದೊಡ್ಡ ಕೆಂಪು ಚೀಲವನ್ನು ಇಬ್ಬರ ತಲೆಯ ಮೇಲಿಂದ ಎಳೆದುಕೊಂಡಳು. ಒಳಗೆ ಬೆಚ್ಚಗಿತ್ತು. ಟಾರ್ಕ್ವಿಲ್‌ನ ಕಾಲುಚೀಲದ ವಾಸನೆಯೂ ಇತ್ತು.

ಸ್ವಲ್ಪ ಹೊತ್ತಿನಲ್ಲಿ ಹೊರಗಿನಿಂದ ಯಾರೋ ಧೊಪ್ಪನೆ ಚೀಲಕ್ಕೆ ಒರಗಿದರು.

“ಯಾರಪ್ಪಾ ಅದು? ಹೆಸರು ಹೇಳು! ಕೈಗವಸು ಇದೆಯಾ?” ಎಂದಳು ಎಫಿ.

ಹೊರಗಿನಿಂದ ಗೊರಗೊರ ಸದ್ದು ಬಂತು. ಎಫಿ ಗಂಡನ ತೋಳು ಹಿಡಿದೆಳೆದಳು.

“ಮಾತು ತೊದಲ್ತಿದೆ ಕಣೋ! ಚಳಿ ಮೈಗೆ ಇಳಿದವರು ಹೀಗೇ ಆಡೋದು!”

ಸೀಟಿ ತೆಗೆದು, ಬೆಟ್ಟದಲ್ಲಿ ನೆರವಿಗೆ ಕರೆಯುವ ಕ್ರಮದಂತೆ ಆರು ಸಲ ಊದಿದಳು; ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ. ಟಾರ್ಕ್ವಿಲ್ ಚೀಲದ ಅಂಚಿನಡಿಯಿಂದ ಕೈ ತೂರಿಸಿ ತಡವಿದ.

“ಒಳ್ಳೇ ತುಪ್ಪಳದ ಕೋಟು ಹಾಕಿದಾನೆ ಕಣೇ. ಭಾರೀ ಕುಳ ಇರ್ಬೇಕು.”

“ಕೋಟಿನ ಮಾತು ಆಮೇಲೆ! ಒಳಗೆ ಎಳಕೋ!”

ಎಳೆಯುವ ಕಷ್ಟವೇ ಬೀಳಲಿಲ್ಲ. ಚೀಲದ ಅಂಚು ತಾನಾಗಿ ಮೇಲೆದ್ದಿತು, ಕೊಂಬುಗಳ ಸಮೇತ ಒಂದು ತಲೆ ಒಳಗೆ ಬಂದಿತು. ಬೆಟ್ಟದಲ್ಲಿ ಮೇಯುವ ಮಂದೆಯ ಹೆಣ್ಣು ಹಿಮಸಾರಂಗ! ಅದು ಎಫಿಯ ಮಡಿಲಿಗೆ ಮೂತಿಯಿಟ್ಟು ಓಟ್ಸ್ ಬಿಸ್ಕತ್ತುಗಳನ್ನೆಲ್ಲ ಮುಗಿಸಿ, ಟಾರ್ಕ್ವಿಲ್‌ನ ಟೋಪಿಯ ಕುಚ್ಚಿಗೆ ಬಾಯಿ ಹಾಕಿತು.

ಕೆಳಗಿನ ಇಳಿಜಾರಿನಲ್ಲಿ ತಾಲೀಮು ನಡೆಸುತ್ತಿದ್ದ ರಕ್ಷಣಾ ತಂಡಕ್ಕೆ ಸೀಟಿ ಕೇಳಿಸಿತ್ತು. ತಂಡದ ಮುಖ್ಯಸ್ಥೆ ಶೋನಾ ಓಡೋಡಿ ಬಂದು ಕೇಳಿದಳು, “ಎಷ್ಟು ಜನ ಇದೀರಿ?”

“ಇಬ್ಬರು. ಇವಳೂ ಸೇರಿದ್ರೆ ಮೂವರು,” ಎಂದ ಟಾರ್ಕ್ವಿಲ್. “ಯಾರಿಗೂ ಗಾಯ ಇಲ್ಲ. ತಿಂಡಿ ಮಾತ್ರ ಖಾಲಿ.”

ಶೋನಾ ಚೀಲ ಎತ್ತಿ ನೋಡಿದವಳು ನಗು ತಡೆಯಲಾರದೆ ಹಿಮದಲ್ಲೇ ಕೂತುಬಿಟ್ಟಳು. “ಇದಕ್ಕಾ ಎಫಿ, ನೀವು ಸೀಟಿ ಊದಿದ್ದು?”

ಎಫಿಯ ಮುಖ ಚೀಲಕ್ಕಿಂತ ಕೆಂಪಾಗಿತ್ತು. “ನಾನು ಊದದೇ ಇದ್ದು, ಅದು ಮನುಷ್ಯನೇ ಆಗಿದ್ದಿದ್ರೆ?”

ಶೋನಾಳ ನಗು ನಿಂತಿತು. ಅವಳು ಎಫಿಯ ಕೈ ಹಿಡಿದು ಎಬ್ಬಿಸಿದಳು. ತಂಡದವರು ದಿಕ್ಸೂಚಿ ನೋಡುತ್ತ ಇಬ್ಬರನ್ನೂ ಸುರಕ್ಷಿತವಾಗಿ ಕೆಳಗಿಳಿಸಿದರು.

ಅಂದು ಸಂಜೆ ಊರಿನ ಪಬ್ಬಿನಲ್ಲಿ ಟಾರ್ಕ್ವಿಲ್ ಕಥೆ ಹೇಳುತ್ತ ಹೇಳುತ್ತ ಒಂದು ಸಾರಂಗ ನಾಲ್ಕಾಯಿತು. ವಸಂತ ಬರುವ ಹೊತ್ತಿಗೆ ಸೀಟಿ ಊದಿದವನೂ ಅವನೇ ಆಗಿದ್ದ. ಎಫಿ ತಿದ್ದಲು ಹೋಗಲಿಲ್ಲ. ಈಗ ಮೋಡದ ಒಂದು ಚೂರು ಕೆಳಗಿಳಿದರೂ ಮೊದಲು ತಿರುಗುವವನು ಅವನೇ. ಕೇಳಿದರೆ, ಮಂಡಿನೋವು ಎನ್ನುತ್ತಾನೆ.