ಸೆನೆಟರ್ ಸಾಹೇಬರು ಮತ್ತು ಇಂಗಿನ ಡಬ್ಬಿಯ ಕೀ

ಇದೇ ಊರಿನ ಪುಂಗೋಲ್ ಬಡಾವಣೆಗೆ ಶಿಫ್ಟ್ ಆಗೋಕೆ ಅಂತ ಮೊನ್ನೆ ಅಡುಗೆಮನೆ ಪ್ಯಾಕ್ ಮಾಡುತ್ತಿದ್ದೆ. ಮೇಲಿನ ಶೆಲ್ಫಿನ ಮೂಲೆಯಲ್ಲಿ ಒಂದು ಹಳೇ ಇಂಗಿನ ಡಬ್ಬಿ. ಖಾಲಿ ಅಂದುಕೊಂಡು ಅಲ್ಲಾಡಿಸಿದರೆ ಠಣ್ ಅಂತು. ಮುಚ್ಚಳ ತೆಗೆದ ತಕ್ಷಣ ಘಾಟು ಮೂಗಿಗೆ ಹೊಡೆಯಿತು. ಒಳಗೆ ಹಿತ್ತಾಳೆ ಕೀ. ನಮ್ಮ ಮನೆಯದಲ್ಲ, ಪಕ್ಕದ ಮನೆ ಅಂಕಲ್ ಗೇಟಿನದು... ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಹನ್ನೊಂದು ವರ್ಷದ ಹಿಂದಿನ ಮಾತು. ಟ್ಯಾಂಪಿನೀಸ್‌ನ ಈ ಫ್ಲಾಟುಗಳ ಬ್ಲಾಕಿಗೆ ನಾವು ದೇಶ ಬಿಟ್ಟು ಆಗಷ್ಟೇ ಬಂದಿದ್ದೆವು. ಹತ್ತಿರದ ಉಬಿ ಅನ್ನೋ ಕಡೆ ಒಂದು ಆಫೀಸಿನಲ್ಲಿ ನಮ್ಮನೆಯವರಿಗೆ ಕೆಲಸ. ಈ ದೇಶದಲ್ಲಿರಲು ಅವರಿಗೆ ಕೊಟ್ಟ ಕೆಲಸದ ಪಾಸಿನ ಬಾಲಕ್ಕೆ ಕಟ್ಟಿದ ಪಾಸು ನನ್ನದು. ಮೈಸೂರಿನಲ್ಲಿ ಡಿಟಿಪಿ ಸೆಂಟರಿನಲ್ಲಿ ಕೂತು ದಿನವಿಡೀ ಕನ್ನಡ ಕುಟ್ಟುತ್ತಿದ್ದವಳು ಇಲ್ಲಿ ಬಂದು ಗೋಡೆ ನೋಡುತ್ತಿದ್ದೆ. ಪಕ್ಕದ ಮನೆ ಅಂಕಲ್ ಕೂಡ ಮೈಸೂರಿನವರೇ. ರಿಟೈರ್ ಆದ ಹಿಸ್ಟರಿ ಮೇಷ್ಟ್ರು. ಆಂಟಿ ತೀರಿಹೋದ ಮೇಲೆ ಮಗಳು ಕರೆಸಿಕೊಂಡಿದ್ದಳು. ಆ ಮಗಳೇ ನಮ್ಮನೆಯವರ ಮ್ಯಾನೇಜರ್!

ಒಂದು ಬೆಳಗ್ಗೆ ಅಂಕಲ್ ಒಬ್ಬರೇ ವಾಕಿಂಗ್ ಹೋಗಿ, ದಾರಿ ತಪ್ಪಿ, ಬಿಸಿಲಲ್ಲಿ ತಲೆ ಸುತ್ತಿ ಬಿದ್ದಿದ್ದರು. ಅವತ್ತಿನಿಂದ ಮಗಳು ಆಫೀಸಿಗೆ ಹೋಗುವಾಗ ಬಾಗಿಲ ಹೊರಗಿನ ಕಬ್ಬಿಣದ ಸರಳಿನ ಗೇಟಿಗೆ ಬೀಗ ಜಡಿಯತೊಡಗಿದಳು. ಕೆಟ್ಟವಳಲ್ಲ, ಹೆದರಿದ್ದಳು. ವರಮಹಾಲಕ್ಷ್ಮಿ ಹಬ್ಬಕ್ಕೆ ನನ್ನನ್ನು ಕರೆದು, ಅರಿಶಿನ ಕುಂಕುಮ ಕೊಟ್ಟು, ತಾಂಬೂಲದ ಜೊತೆಗೇ ಇನ್ನೊಂದು ಕೀ ಕೈಗಿಟ್ಟಳು.

“ಎಮರ್ಜೆನ್ಸಿಗೆ ಮಾತ್ರ. ನಿನ್ ಹತ್ರ ಇದೆ ಅಂತ ಅಪ್ಪಂಗೆ ಹೇಳ್ಬೇಡ, ದಿನಾ ಪ್ರಾಣ ತಿಂತಾರೆ.”

ಕುಂಕುಮದ ಜೊತೆ ಬಂದದ್ದನ್ನು ಬೇಡ ಅನ್ನೋಕಾಗುತ್ತಾ? ಅದೂ ಗಂಡನ ಮ್ಯಾನೇಜರ್ ಕೊಟ್ಟಿದ್ದನ್ನು? ಸೆರಗಿನಲ್ಲಿ ಈಸಿಕೊಂಡೆ. ಮನೆಗೆ ಬಂದು ಯಾರೂ ಕೈಹಾಕದ ಇಂಗಿನ ಡಬ್ಬಿಗೆ ಹಾಕಿದೆ.

ನಾನು ಟೈಪಿಸ್ಟ್ ಅಂತ ಗೊತ್ತಾದ ದಿನ ಅಂಕಲ್ ಮುಖ ಅರಳಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವರು ಒಂದು ಪುಸ್ತಕ ಬರೆಯುತ್ತಿದ್ದರು. ಯಾರ ಬಗ್ಗೆ? ಅಮೆರಿಕ ಹೊಸದಾಗಿ ದೇಶ ಆದ ಕಾಲದ ಯಾರೋ ಒಬ್ಬ ಸೆನೆಟರ್ ಬಗ್ಗೆ! ನನಗೆ ನಗು ತಡೆಯಲಾಗಲಿಲ್ಲ. “ವಾಷಿಂಗ್ಟನ್ ಸೆನೆಟ್ ಅಲ್ಲಮ್ಮ, ರಾಜ್ಯದ್ದು. ನಮ್ಮ ವಿಧಾನ ಪರಿಷತ್ತು ಇದೆಯಲ್ಲ, ಹಾಗೆ,” ಅಂದರು. ಹಳೇ ಪುಸ್ತಕದಂಗಡಿಯಲ್ಲಿ ರಟ್ಟು ಹರಿದ ಒಂದು ಪುಸ್ತಕ ಸಿಕ್ಕಿತ್ತಂತೆ. ಅದರಲ್ಲಿ ಈ ಮನುಷ್ಯನಿಗೆ ನಾಲ್ಕೇ ಪುಟ. ಆ ನಾಲ್ಕು ಪುಟ ಇವರನ್ನು ಮೂವತ್ತು ವರ್ಷ ಹಿಡಿದಿಟ್ಟುಕೊಂಡಿತ್ತು.

ಗೇಟಿನಾಚೆ ಅವರು ಕುರ್ಚಿಯಲ್ಲಿ, ಈಚೆ ಕಾರಿಡಾರಿನಲ್ಲಿ ನಾನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ತೊಡೆ ಮೇಲೆ ಲ್ಯಾಪ್‌ಟಾಪ್. ಬರೆದ ಕಾರ್ಡುಗಳನ್ನು ಸರಳಿನ ಸಂದಿಯಲ್ಲಿ ತೂರಿಸುತ್ತಿದ್ದರು. ಸಾಹೇಬರು, ಹಾಗೇ ಕರೆಯುತ್ತಿದ್ದರು ಅಂಕಲ್, ಮೊದಲು ಜಮೀನು ಅಳೆಯುವವರು. ಊರಿನವರು ಬಲವಂತ ಮಾಡಿ ಸೆನೆಟ್‌ಗೆ ಕಳಿಸಿದರು. ಕುದುರೆ ಮೇಲೆ ನಾಲ್ಕು ದಿನದ ಹಾದಿ. ರಾಜಧಾನಿಯಲ್ಲಿ ಒಂದು ಬಾಡಿಗೆ ಕೋಣೆ, ಇನ್ನೊಬ್ಬ ಸದಸ್ಯನ ಜೊತೆ. ಒಂದೇ ಅಧಿವೇಶನ, ಮುಗಿಸಿ ಬಂದುಬಿಡ್ತೀನಿ ಅಂತ ಹೆಂಡತಿಗೆ ಮಾತು ಕೊಟ್ಟಿದ್ದರು. ಊರವರು ಬಿಡಲಿಲ್ಲ. ಮತ್ತೆ ಆರಿಸಿದರು, ಮತ್ತೆ ಮತ್ತೆ... ರಸ್ತೆ, ಸೇತುವೆ, ಬೇಲಿ, ಹೀಗೇ ಕಾನೂನು ಮಾಡುತ್ತಾ ಇಪ್ಪತ್ತು ವರ್ಷ ಕಳೆದುಹೋಯಿತು. ಅವರ ಹೆಸರಿನಲ್ಲಿ ಉಳಿದದ್ದು ಬೀಡಾಡಿ ದನಗಳನ್ನು ದೊಡ್ಡಿಗೆ ಹಾಕುವ ಕಾಯಿದೆ.

“ನೋಡಮ್ಮ, ಆ ಕಾಯಿದೆ ಇಲ್ಲೂ ಜಾರಿಯಲ್ಲಿದೆ,” ಅಂತ ಗೇಟು ಅಲ್ಲಾಡಿಸಿ ಅಂಕಲ್ ನಕ್ಕರು. ನಾನೂ ನಕ್ಕೆ. ನಗಬಾರದಿತ್ತು.

ಕೆಲಸದಲ್ಲಿ ಮಾತ್ರ ಮಹಾ ಜಿಗುಟು. ಒಂದು ಸಲ ನಾನು ಟೈಪ್ ಮಾಡುತ್ತಾ ಸಾಹೇಬರ ಹೆಂಡತಿಯ ಮಾತು ಬಂದಲ್ಲಿ ‘ಪಾಪ’ ಅಂತ ಸೇರಿಸಿದ್ದೆ. “ಪುಸ್ತಕದಲ್ಲಿ ಇಲ್ಲದ್ದು ಒಂದಕ್ಷರ ಸೇರಿಸಕೂಡದು. ಚರಿತ್ರೆ ಇದು, ಹರಟೆ ಅಲ್ಲ!” ಅಂತ ಗದರಿದರು. ಎರಡು ದಿನ ಮಾತು ಬಿಟ್ಟಿದ್ದರು.

ಅವರ ಅಡುಗೆಮನೆ ಕಿಟಕಿಯಿಂದ ಕೆಳಗಿನ ಕಲ್ಲು ಮೇಜು ಕಾಣುತ್ತಿತ್ತು. ಅಲ್ಲಿ ಚೀನೀ ಅಂಕಲ್‌ಗಳು ದಿನಾ ಚೆಸ್ ಆಡುತ್ತಿದ್ದರು. ನೋಡಿ ನೋಡಿ ಇವರೂ ಆಟ ಕಲಿತಿದ್ದರು. ಒಂದು ಮಧ್ಯಾಹ್ನ ಕಾರ್ಡು ಕೊಡುತ್ತಾ ಕೈ ಹಾಗೇ ಹಿಡಿದು ನಿಂತರು.

“ಆ ಕೆಂಪು ಟೋಪಿಯವನು ದಿನಾ ಸೋಲ್ತಾನಮ್ಮ. ಅರ್ಧ ಗಂಟೆ ಪಕ್ಕದಲ್ಲಿ ಕೂತು ಬರ್ತೀನಿ. ನೀನೂ ಜೊತೆಗೆ ಬಾ. ಆಗುತ್ತಾ?”

“ಕೀ ನಿಮ್ಮ ಮಗಳ ಹತ್ರ ತಾನೇ ಅಂಕಲ್?” ಅಂದೆ.

“ಹೌದಲ್ಲ...” ಅಂದರು.

ಯಾಕಮ್ಮಾ ಹಾಗಂದೆ ಅಂತ ನನ್ನನ್ನು ನಾನೇ ಎಷ್ಟು ಸಲ ಕೇಳಿಕೊಂಡಿದ್ದೇನೋ. ಹೆದರಿಕೆ, ಇನ್ನೇನು. ಅವರು ಬಿದ್ದರೆ? ಮಗಳಿಗೆ ಸಿಟ್ಟು ಬಂದರೆ? ನಮ್ಮನೆಯವರ ಕೆಲಸ ಹೋದರೆ ಪಾಸು ಹೋಯಿತು, ಪಾಸು ಹೋದರೆ ಗಂಟುಮೂಟೆ ಕಟ್ಟಬೇಕು.

ಮುಂದಿನ ವಾರ ಮಗಳು ತನ್ನ ಕೀ ಆಫೀಸಿನಲ್ಲಿ ಮರೆತು ಬಂದಳು. ಸದ್ದಿಲ್ಲದೆ ಇಂಗು ಮೆತ್ತಿದ್ದ ನನ್ನ ಕೀ ಈಸಿಕೊಂಡು ಬೀಗ ತೆಗೆದು ವಾಪಸ್ ಕೊಟ್ಟಳು. ಮಾರನೇ ದಿನ ಸ್ಟೂಲ್ ಎಳೆದು ಕೂತೆ. ಅಂಕಲ್ ಸರಳಿನಾಚೆಗೆ ಕೈಚಾಚಿ ಬೀಗ ಹಿಡಿದಿದ್ದರು, ಆಮೇಲೆ ಬೆರಳು ಮೂಸಿದರು. “ನಿಮ್ಮನೆ ಸಾರು ಘಮ್ ಅಂತಿದೆ ಕಣಮ್ಮ,” ಅಂದರು. ಅವತ್ತು ನಮ್ಮ ಮನೆಯಲ್ಲಿ ಸಾರೇ ಮಾಡಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಕೈ ಸೆರಗಿಗೆ ಒರೆಸಿಕೊಂಡೆ. ಅವರು ಅದನ್ನೂ ನೋಡಿದರು. ಕೆಳಗೆ ಹೋಗೋಣ ಅಂತ ಮತ್ತೆ ಯಾವತ್ತೂ ಕೇಳಲಿಲ್ಲ.

ಕೊನೆಯ ಕಾರ್ಡು ಸಾಹೇಬರ ಸಾವಿನದು. ಊರಿಗೆ ಹೋಗಲೇ ಇಲ್ಲ ಅವರು. ಅದೇ ಬಾಡಿಗೆ ಕೋಣೆಯಲ್ಲಿ ತೀರಿಕೊಂಡರು. ಕೋಟಿನ ಜೇಬಿನಲ್ಲಿ ರಾಜೀನಾಮೆ ಪತ್ರ ಸಿಕ್ಕಿತು, ಮಡಿಕೆಯೆಲ್ಲ ಸವೆದಿತ್ತು. ವರ್ಷಗಟ್ಟಲೆ ಇಟ್ಟುಕೊಂಡು ತಿರುಗಿದ್ದರು, ಕೊಡುವ ಧೈರ್ಯ ಬಂದಿರಲಿಲ್ಲ. ಅದರ ಕೆಳಗೆ ಅಂಕಲ್ ಬರೆದಿದ್ದರು: ‘ಪತ್ರ ಜೇಬಿನಲ್ಲಿರುವುದು ಕೋಣೆಯ ಗೆಳೆಯನಿಗೆ ಗೊತ್ತಿತ್ತು. ಆತ ಕೇಳಲಿಲ್ಲ. ಕೇಳಿದ್ದರೆ ಸಾಹೇಬರಿಗೆ ಆತನೆದುರು ತಲೆಯೆತ್ತಿ ಮಾತಾಡಲು ಆಗುತ್ತಿರಲಿಲ್ಲ.’

“ಇದು ಪುಸ್ತಕದಲ್ಲಿದೆಯಾ ಅಂಕಲ್?” ಅಂತ ಕೇಳಿದೆ.

“ಇಲ್ಲಮ್ಮ. ಇಷ್ಟು ಮಾತ್ರ ನಾನು ಸೇರಿಸಿದ್ದು. ಹಾಗೇ ಟೈಪ್ ಮಾಡು.”

ಮಾಡಿದೆ. ಆಗಲಾದರೂ ಎದ್ದು ಹೋಗಿ ಕೀ ತರಬಹುದಿತ್ತು... ತರಲಿಲ್ಲ.

ಮೂರು ವಾರದ ಮೇಲೆ ಆಫೀಸಿನಿಂದ ಮಗಳ ಫೋನ್. “ಅಪ್ಪ ಫೋನ್ ಎತ್ತುತ್ತಿಲ್ಲ, ಬೇಗ ಗೇಟ್ ತೆಗಿ!” ಡಬ್ಬಿ ಸುರಿದು ಓಡಿದೆ. ಒಂದೇ ತಿರುವಿಗೆ ಬೀಗ ತೆರೆದುಕೊಂಡಿತು. ಅಷ್ಟು ಸುಲಭ ಇತ್ತು. ಅಂಕಲ್ ಅಡುಗೆಮನೆ ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದರು, ಮೈ ತಣ್ಣಗಾಗಿತ್ತು. ಕೆಳಗೆ ಆಟ ನಡೆದಿತ್ತು.

ಮಗಳು ಬೇರೆ ದೇಶಕ್ಕೆ ಹೋದಳು. ಕೀ ವಾಪಸ್ ಕೇಳಲಿಲ್ಲ, ನಾನೂ ಕೊಡಲಿಲ್ಲ. ಅಂಕಲ್ ಪುಸ್ತಕ ನನ್ನ ಲ್ಯಾಪ್‌ಟಾಪಿನಲ್ಲೇ ಉಳಿಯಿತು.

ಈಗ ಆ ಮನೆಗೆ ಬಂದವರು ಹಳೇ ಗೇಟು ಕಿತ್ತು ನಂಬರ್ ಒತ್ತಿದರೆ ತೆರೆಯುವ ಬಾಗಿಲು ಹಾಕಿಸಿದ್ದಾರೆ. “ಯಾವ ಕಾಲದ ಕೀ ಅದು, ಬಿಸಾಕೇ,” ಅಂದರು ನಮ್ಮನೆಯವರು. ಅವರಿಗೆ ನಾನು ಇದ್ಯಾವುದನ್ನೂ ಹೇಳಿಲ್ಲ. ಕೀಯನ್ನು ಪಾತ್ರೆಗಳ ರಟ್ಟಿನ ಡಬ್ಬದಲ್ಲಿ ಹಾಕಿ ಟೇಪ್ ಅಂಟಿಸಿದೆ. ಆಮೇಲೆ ಕೆಳಗಿಳಿದು ಆ ಕಲ್ಲು ಮೇಜಿನ ಹತ್ತಿರ ಅರ್ಧ ಗಂಟೆ ಕೂತು ಬಂದೆ. ನಮ್ಮ ಬಾಗಿಲಿಂದ ಲಿಫ್ಟು ಹಿಡಿದು ಅಲ್ಲಿಗೆ ಹೋಗಲು ಎರಡು ನಿಮಿಷವೂ ಬೇಕಾಗಲಿಲ್ಲ.