ಬೆಳಗಿನ ಕೆಂಪು ಬಿಲ್ಲೆ

ನಂಜನಗೂಡಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ನಾನು ಎಣ್ಣೆ ಪ್ಯಾಕೆಟ್ ತುಂಬುವ ಲೈನಿನ ಸೂಪರ್‌ವೈಸರ್ ಆಗಿದ್ದೆ. ಟಿ. ನರಸೀಪುರದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬರುವುದು, ಬಂದ ಮೇಲೂ ದಿನವಿಡೀ ನಿಂತಿರುವುದು. ಅಲ್ಲಿಗೆ ಸುಧಾರಣೆಯ ಹೊಸ ಪದ್ಧತಿಯೊಂದು ಬಂತು. ಶಿಫ್ಟ್ ಶುರುವಾಗುವ ಮುಂಚೆ ಎಲ್ಲರೂ ಬೋರ್ಡಿನ ಮುಂದೆ ಸೇರಬೇಕು. ಮಿಷನ್ನಿನಲ್ಲಿ ತೊಂದರೆಯಿದ್ದರೆ ಅದನ್ನು ನಡೆಸುವವರೇ ಕೆಂಪು ಬಿಲ್ಲೆ ಅಂಟಿಸಬೇಕು, ಇಲ್ಲದಿದ್ದರೆ ಹಸಿರು. ಕೆಂಪು ಕಂಡರೆ ಮಾತ್ರ ರಿಪೇರಿಯವರು ಬರುತ್ತಾರೆ.

ನಮ್ಮ ಸೀಲಿಂಗ್ ಮಿಷನ್ ಕೆಟ್ಟಿತ್ತು. ಪ್ಯಾಕೆಟ್ಟಿನ ಮೂಲೆಯಲ್ಲಿ ಎಣ್ಣೆ ಜಿನುಗುತ್ತಿತ್ತು. ಹೆಂಗಸರು ಅದನ್ನು ಒರೆಸಿ, ಇನ್ನೊಮ್ಮೆ ಸೀಲು ಒತ್ತಿ ಕಳಿಸುತ್ತಿದ್ದರು. ಮ್ಯಾನೇಜರ್ ನನ್ನೊಬ್ಬಳನ್ನೇ ಕರೆದರು. "ಗಿರಾಕಿ ಕಂಪನಿಯವರು ನೋಡೋಕೆ ಬರ್ತಿದ್ದಾರೆ. ಸೋರಿಕೆ ಕಂಡ್ರೆ ಆರ್ಡರ್ ಹೋಯ್ತು, ನಿಮ್ಮ ಲೈನೂ ಹೋಯ್ತು. ಜನಕ್ಕೆ ಹೇಳ್ಬೇಡಿ, ಗಾಬರಿ ಬೀಳ್ತಾರೆ."

ಬೋರ್ಡಿನಲ್ಲಿ ಮಾತ್ರ ದಿನಾ ಹಸಿರೇ. ಆ ಮಿಷನ್ ನಡೆಸುತ್ತಿದ್ದವರು ಕಳಲೆ ಕಡೆಯ ಒಬ್ಬ ಹಿರಿಯ ಹೆಂಗಸು, ಬೆಳಿಗ್ಗೆ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಕೆಲಸ ಶುರುಮಾಡದವರು. "ಅಕ್ಕಾ, ದಮ್ಮಯ್ಯ, ಕೆಂಪು ಹಾಕಿ" ಎಂದು ಅಂಗಲಾಚಿದೆ.

"ಬೆಳ್‌ಬೆಳಗ್ಗೇನೇ ಕೆಟ್ಟದ್ ಯಾಕವ್ವಾ ಆಡದು? ಕೆಲ್ಸಕ್ಕೆ ಕೈ ಆಕೋ ಮುಂಚೇನೇ ಅಪಸಕುನ. ಸಂದ್ಗೆ ಬೇಕಾರೆ ಆಕ್ತೀನಿ."

ಸಂಜೆ ಹಾಕಿದರೆ ಲೆಕ್ಕಕ್ಕಿಲ್ಲ. ಹೆಡ್ ಆಫೀಸಿಗೆ ಬೋರ್ಡಿನ ಫೋಟೋ ಹೋಗುವುದು ಬೆಳಿಗ್ಗೆ. ಒಂದು ದಿನ ನಾನೇ ಕೆಂಪು ಅಂಟಿಸಿದೆ. ಬೆನ್ನು ತಿರುಗಿಸುವಷ್ಟರಲ್ಲಿ ಅವರು ಅದನ್ನು ಕಿತ್ತು ಹಸಿರು ಹಾಕಿದ್ದರು, ಪಾಪ, ನನಗೇ ಒಳ್ಳೆಯದಾಗಲಿ ಎಂದು! ರಿಪೇರಿಯವರ ಹತ್ತಿರ ಓಡಿದೆ. "ಹಸಿರಿದೆಯಲ್ಲಾ ಮೇಡಂ, ಏನಂತ ಬರೋದು?" ಎಂದರು. ಬೋರ್ಡಿನ ಮೀಟಿಂಗನ್ನು ಮಧ್ಯಾಹ್ನಕ್ಕಾದರೂ ಹಾಕಿ ಎಂದು ಮ್ಯಾನೇಜರ್ ಬಳಿ ಗೋಗರೆದೆ. "ಪದ್ಧತಿ ಅಂದ್ರೆ ಪದ್ಧತಿ" ಎಂದು ಕಂಪ್ಯೂಟರಿನ ಕಡೆ ತಿರುಗಿದರು. ಸುಧಾರಣೆಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಸುಧಾರಿಸಬಹುದಿತ್ತು. ನಾನು ಸಂಜೆ ಬಸ್ಸಿನ ಕಿಟಕಿಗೆ ಮುಖ ಮಾಡಿಕೊಂಡು ಅತ್ತೆ.

ಗಿರಾಕಿ ಕಂಪನಿಯವರು ಬಂದರು. ಬೋರ್ಡು ನೋಡಿ ತಲೆದೂಗಿದರು. ಆಮೇಲೆ ಅವರಲ್ಲೊಬ್ಬರು ಪ್ಯಾಕೆಟ್ ಎತ್ತಿ ಹಿಂಡಿದರು. ಎಣ್ಣೆ ಮೊಣಕೈವರೆಗೆ ಇಳಿಯಿತು.

ಲೈನ್ ಮುಚ್ಚುತ್ತಾರೆಂದು ಎಲ್ಲರಿಗೂ ತಿಳಿಸಿದ ದಿನ ಆ ಹಿರಿಯ ಹೆಂಗಸು ನನ್ನ ಮುಂದೆ ಬಂದು ನಿಂತರು.

"ಇಂಗಾಯ್ತದೆ ಅಂತ ನಿಂಗೆ ಗೊತ್ತಿತ್ತೇನವ್ವಾ?"

"ಗೊತ್ತಿತ್ತಕ್ಕಾ. ಹೇಳ್ಬೇಡಿ ಅಂದಿದ್ರು ಆಫೀಸಿನವರು. ನೀವೆಲ್ಲ ಗಾಬರಿ ಬೀಳ್ತೀರಂತೆ."

ಅವರು ಸೆರಗಿನಲ್ಲಿ ಕೈ ಒರೆಸಿಕೊಂಡರು. ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಅಂಗಾರೆ ಆಪೀಸ್ನೋರೂ ನಮ್ಮಂಗೇಯ ಬುಡವ್ವಾ" ಎಂದರು. "ಕೆಟ್ಟದ್ನ ಬಾಯಲ್ಲಿ ಆಡಕಿಲ್ಲ."