ಕಿವಿ ಮುಟ್ಟದ ಶಾಂತಾ

ಕೊರೊನಾ ಕಳೆದು ಶಾಲೆಗಳು ಮತ್ತೆ ತೆರೆದ ವರ್ಷ ನಾನು ಮುದ್ದೇಬಿಹಾಳ ತಾಲ್ಲೂಕಿನಲ್ಲಿ ಅಂಗನವಾಡಿ ಮೇಲ್ವಿಚಾರಕಿ. ನಾಲತವಾಡದ ಸುತ್ತಲಿನ ಹಳ್ಳಿಗಳು ನನ್ನ ಪಾಲಿಗಿದ್ದವು. ಮಕ್ಕಳ ತೂಕ, ಎತ್ತರ ಅಳೆಸುವುದು, ಆರು ತುಂಬಿದವರನ್ನು ಒಂದನೇ ತರಗತಿಗೆ ದಾಟಿಸುವುದು ಕೆಲಸ. ದಾಟಿಸುವುದರಲ್ಲೇ ತಲೆ ಕೆಟ್ಟು ಹೋಗುತ್ತಿತ್ತು.

ಒಂದು ಹಳ್ಳಿಯಲ್ಲಿ ಶಾಂತಾ ಎಂಬ ಹುಡುಗಿ ಏಳು ತುಂಬಿದರೂ ಅಂಗನವಾಡಿಯಲ್ಲೇ ಕೂತಿದ್ದಳು. ನೋಡಿದರೆ ನಾಲ್ಕೈದರ ಕೂಸು. ವಯಸ್ಸಿಗೆ ತಕ್ಕ ಎತ್ತರ ಬಾರದಿರುವುದಕ್ಕೆ ನಾವು ಸ್ಟಂಟಿಂಗ್ ಎನ್ನುತ್ತೇವೆ. ಹೊಟ್ಟೆಗೆ ಬಹಳ ಕಾಲ ಸರಿಯಾಗಿ ಬೀಳದಿದ್ದರೆ ಹೀಗಾಗುತ್ತದೆ. ಶಾಲೆಗೆ ಯಾಕೆ ಕಳಿಸಿಲ್ಲ ಎಂದು ಅವಳ ಅಜ್ಜಿ ಗೌರವ್ವನನ್ನು ಕೇಳಿದೆ.

"ಕಿವಿ ಮುಟ್ಟೂದಿಲ್ರಿ ಬಾಯಾರ."

ಬಲಗೈಯನ್ನು ನೆತ್ತಿಯ ಮೇಲೆ ಹಾಯಿಸಿ ಎಡಗಿವಿ ಮುಟ್ಟಿದರೆ ಮಗುವಿಗೆ ಶಾಲೆಗೆ ಸೇರುವ ವಯಸ್ಸಾಯಿತು ಎಂಬುದು ಜನನ ಪ್ರಮಾಣಪತ್ರ ಇಲ್ಲದ ಕಾಲದ ಲೆಕ್ಕ. ಇವಳ ಪ್ರಮಾಣಪತ್ರ ನನ್ನ ಕೈಯಲ್ಲೇ ಇತ್ತು. ಓದಿ ಹೇಳಿದೆ. "ಕಾಗದ ಇರ್ಲಿ ಬಿಡ್ರಿ, ಕೈ ಮುಟ್ಟಬೇಕಲ್ಲ" ಎಂದರು. ನನ್ನ ಕರ್ಮ ಎಂದುಕೊಂಡು ಹುಡುಗಿಯ ಕೈ ಹಿಡಿದು ಶಾಲೆಗೆ ನಡೆದೆ. ಗೌರವ್ವ ಶಾಂತಾಳ ತಮ್ಮ ಮಲ್ಲುವನ್ನೂ ಕರೆದುಕೊಂಡು ಹಿಂದೆಯೇ ಬಂದರು.

ಬಿ.ಎಡ್. ಓದಿದ ಹೆಡ್ ಮಾಸ್ತರರು ಪ್ರಮಾಣಪತ್ರ ನೋಡಿದರು, ಹುಡುಗಿಯನ್ನು ನೋಡಿದರು. "ಎಲ್ಲಿ ತಂಗಿ, ಕಿವಿ ಹಿಡಿ ನೋಡೂಣು."

ನನಗೆ ಮೈಯೆಲ್ಲ ಉರಿಯಿತು. ಶಾಂತಾ ಕತ್ತು ವಾಲಿಸಿ ಹೆಣಗಿದಳು. ಬೆರಳು ಕೂದಲಲ್ಲೇ ಉಳಿಯಿತು. ಅವಳಿಗಿಂತ ಒಂದೂವರೆ ವರ್ಷ ಚಿಕ್ಕವನಾದ ಮಲ್ಲು ಯಾರೂ ಕೇಳದಿದ್ದರೂ ಕಿವಿ ಹಿಡಿದು ನಿಂತ.

"ಇವನ್ನ ಬರ್ಕೋರಿ ಸರ" ಎಂದು ಗೌರವ್ವ ಹಿಗ್ಗಿದರು.

"ಆಯಿ, ಮನ್ಯಾಗ ಹಾಲು ಯಾರಿಗಿ ಕೊಡ್ತೀರಿ?" ಎಂದೆ.

"ಗಂಡ ಹುಡುಗಗ್ರಿ. ಅಕಿ ರೊಟ್ಟಿ ತಿಂತಾಳ."

"ಹೊಟ್ಟಿಗಿ ಹಾಕಲಾರದ, ಬರೇ ಕೈ ಅಳದ್ರ ಹೆಂಗ ಮುಟ್ಟತೈತಿ? ಸರ, ನೀವರ ಹೇಳಬಾರದೇನ್ರಿ?"

ಮಾಸ್ತರರು ತಲೆ ತಗ್ಗಿಸಿ ಶಾಂತಾಳ ಹೆಸರು ಬರೆದುಕೊಂಡರು. ಗೆದ್ದೆ ಅಂದುಕೊಂಡೆ.

ಎರಡು ವರ್ಷದ ನಂತರ ಅದೇ ಶಾಲೆಗೆ ಹೋದಾಗ ಶಾಂತಾ ಓಡಿ ಬಂದು ಕಿವಿ ಹಿಡಿದು ತೋರಿಸಿದಳು. "ಮುಟ್ಟತೈತ್ರಿ ಬಾಯಾರ." ಬೋರ್ಡಿನ ಮೇಲಿದ್ದ ಎರಡಕ್ಷರದ ಪದ ಓದಿಸಿದೆ. ಬರಲಿಲ್ಲ. ಒಂದರಿಂದ ಮೂರನೇ ತರಗತಿಯವರು ಕೂರುವುದು ಒಂದೇ ಕೋಣೆಯಲ್ಲಿ; ಮರುವರ್ಷ ಸೇರಿದ್ದ ಮಲ್ಲು ಹಿಂದಿನ ಸಾಲಿನಿಂದ ಓದಿ ಹೇಳಿದ.

ತಲೆ ಬೆಳೆಯುವುದಕ್ಕೂ ಹೊಟ್ಟೆಗೆ ಬೀಳಬೇಕು, ಅದೂ ಮಗು ಹಾಲು ಕುಡಿಯುವ ವಯಸ್ಸಿನಲ್ಲೇ. ನಾವು ಅಳೆದು ಬರೆದಿಟ್ಟು, ಎಚ್ಚೆತ್ತುಕೊಳ್ಳುವುದು ಶಾಲೆಯ ಬಾಗಿಲಿನಲ್ಲಿ. ಇಷ್ಟು ವರ್ಷದ ನೌಕರಿ ನನಗೆ ಕಲಿಸಿದ್ದು ಇದು, ಯಾರಿಗೆ ಹೇಳಲಿ? ಶಾಂತಾ ಮಾತ್ರ ಕಿವಿ ಬಿಡದೆ, ನಾನು ಶಾಬಾಸ್ ಅನ್ನಲಿ ಎಂದು ಕಾಯುತ್ತ ನಿಂತಿದ್ದಳು.